ಛಾಯಾಯಂತ್ರದ ಆಯುಷ್ಯ

ಗದಗು, ಲಕ್ಕುಂಡಿಗಳ ದೇಗುಲಗಳು ಛಾಯಾಗ್ರಾಹಕನ ಮಸೂರದೆದುರು ನಿಂತದ್ದು, ಆ ವಿದ್ಯೆ ಲೋಕಕ್ಕೆ ಬಂದು ಇನ್ನೂ ಎರಡು ದಶಕಗಳು ತುಂಬದಿದ್ದ ಕಾಲದಲ್ಲಿ. ಮುಂಬಯಿ ಸರಕಾರದ ವೈದ್ಯಾಧಿಕಾರಿಯಾಗಿದ್ದ ಡಾ. ಪಿಗೂ 1850ರ ದಶಕದಲ್ಲಿ ಈ ಸೀಮೆಯಲ್ಲಿ ಸಂಚರಿಸಿ ತೆಗೆದ ಚಿತ್ರಗಳು, ಮೆಡೋಸ್ ಟೇಲರ್ ಮತ್ತು ಫರ್ಗ್ಯುಸನ್ ಇವರ ಬರಹಗಳೊಡನೆ 1866ರಲ್ಲಿ ಲಂಡನ್ನಿನಿಂದ ಹೊರಬಂದ, ಧಾರವಾಡ ಮತ್ತು ಮೈಸೂರು ಪ್ರಾಂತಗಳ ವಾಸ್ತುಶಿಲ್ಪವನ್ನು ಕುರಿತ ಗ್ರಂಥದಲ್ಲಿ ಸೇರಿದವು. ಆ ಕಾಲದ ಕ್ಯಾಮೆರಾ ಎಂದರೆ ಒಂದು ಕಟ್ಟಿಗೆಯ ಪೆಟ್ಟಿಗೆ, ಮುಂದೊಂದು ಮಸೂರ, ಹಿಂದೆ ರಾಸಾಯನಿಕ ಲೇಪವುಳ್ಳ ಕಾಗದ ಅಥವಾ ಗಾಜು. ಬಿಂಬವನ್ನು ಹಿಡಿಯತಕ್ಕ ವಸ್ತು ಪ್ರತಿ ಸಲವೂ ಹೊಸದು, ಪೆಟ್ಟಿಗೆ ಮಾತ್ರ ಹಳೆಯದು. ಫಿಲ್ಮ್ ಕ್ಯಾಮೆರಾದ ದೀರ್ಘಾಯುಷ್ಯದ ಮೂಲವನ್ನು ನಾನು ಇಲ್ಲಿಯೇ ಕಾಣುತ್ತೇನೆ.

ಸಾಂಗಲಿ ಸಂಸ್ಥಾನದ ಶಿರಹಟ್ಟಿ, ಮಿರಜ ಸಂಸ್ಥಾನದ ಲಕ್ಷ್ಮೇಶ್ವರ, ಆಂಗ್ಲರ ಆಳಿಕೆಯ ಗದಗು ಇವು ಬೇರೆ ಬೇರೆ ಆಳಿಕೆಗಳಲ್ಲಿದ್ದರೂ, ಸ್ಟುಡಿಯೋದ ರೀತಿ ಎಲ್ಲೆಡೆಯೂ ಒಂದೇ ಆಗಿದ್ದಿತು: ಹಿಂದೆ ಬಣ್ಣದ ಪರದೆ, ಮುಂದೆ ಮುಕ್ಕಾಲಿಯ ಮೇಲೆ ಕಟ್ಟಿಗೆಯ ಕ್ಯಾಮೆರಾ, ಕರಿಬಟ್ಟೆಯೊಳಗೆ ತಲೆಯಿಟ್ಟು, ಮಬ್ಬುಗಾಜಿನ ಮೇಲೆ ತಲೆಕೆಳಗಾಗಿ ಮೂಡಿದ ಮದುಮಕ್ಕಳ ಬಿಂಬವನ್ನು ಸ್ಫುಟಗೊಳಿಸುತ್ತಿರುವ ಛಾಯಾಗ್ರಾಹಕ. ಕೇರಳದ ಆಲಪ್ಪುಳದಲ್ಲಿ 1940ರ ದಶಕದಿಂದ ತಯಾರಾಗುತ್ತಿದ್ದ ವಾಗೀಶ್ವರಿ ಕ್ಯಾಮೆರಾಗಳು ಇಂಥ ಕಟ್ಟಿಗೆ, ಹಿತ್ತಾಳೆ, ಚರ್ಮಗಳ ರಚನೆಗಳೇ. ಅವುಗಳ ಚರ್ಮದ ತಿದಿಯ ಮಡಿಕೆಯಲ್ಲಿ ಸೂಜಿಮೊನೆಯಷ್ಟು ರಂಧ್ರ ಬಿದ್ದರೂ ಬೆಳಕು ಸೋರಿ ನೆಗೆಟಿವ್ ಕೆಡುವುದು; ಆಗ ಕತ್ತಲೆಕೋಣೆಯಲ್ಲಿ ತಿದಿಯೊಳಗೆ ಸಣ್ಣ ದೀಪವನ್ನಿಟ್ಟು, ಬೆಳಕು ಎಲ್ಲಿ ಮಿನುಗುವುದೋ ಅಲ್ಲಿ ತೆಳುವಾದ ಚರ್ಮದ ತುಣುಕನ್ನು ಅಂಟಿಸಿದರೆ ಯಂತ್ರಕ್ಕೆ ಪುನರ್ಜನ್ಮ. ಬಡಗಿ, ಚಮ್ಮಾರ, ಗಡಿಯಾರ ರಿಪೇರಿಯವನು ಇರುವ ಯಾವ ಪೇಟೆಯಲ್ಲಿಯೂ ಈ ಕ್ಯಾಮೆರಾ ಅನಾಥವಾಗಲಾರದು.

ಮುಂದೆ ಬಂದ ಕ್ಯಾಮೆರಾಗಳಿಗೂ ಈ ಗುಣ ತಪ್ಪಲಿಲ್ಲ. ಒಂದು ರೀಲಿಗೆ ಹನ್ನೆರಡು ಚಿತ್ರ ಕೊಡುತ್ತಿದ್ದ ಆಗ್ಫಾ ಕ್ಲಿಕ್ 3ಕ್ಕೆ ಸೆಲ್ಲಿನ ಹಂಗೇ ಇರಲಿಲ್ಲ. ಯಾಶಿಕಾ ಮ್ಯಾಟ್ 124ಜಿಯೊಳಗಿನ ಬೆಳಕಿನ ಮೀಟರು ಪಾದರಸದ ಸೆಲ್ಲನ್ನು ಬೇಡುತ್ತಿತ್ತು; ಆ ಸೆಲ್ಲುಗಳ ತಯಾರಿಕೆ ನಿಂತ ಮೇಲೆ ಮೀಟರು ಮೂಕವಾಯಿತು, ಆದರೆ ಸ್ಪ್ರಿಂಗು ಮತ್ತು ಹಲ್ಲುಚಕ್ರಗಳಿಂದ ನಡೆಯುವ ಷಟರು ಅದನ್ನು ಲೆಕ್ಕಿಸದೆ ಕೆಲಸ ಮಾಡಿತು. ವರುಷಗಟ್ಟಲೆ ಮೂಲೆಯಲ್ಲಿ ಬಿದ್ದು ಒಳಗಿನ ಗ್ರೀಸು ಗಟ್ಟಿಯಾದರೆ ಒಂದು ಸೆಕೆಂಡಿನ ವೇಗ ಎರಡು ಸೆಕೆಂಡಿಗೆ ಎಳೆಯುವುದುಂಟು. ಬಿಚ್ಚಿ ತೊಳೆದು ಎಣ್ಣೆ ಹಾಕಿದರೆ ಮತ್ತೆ ಸರಿ.

ಡಿಜಿಟಲ್ ಕ್ಯಾಮೆರಾದಲ್ಲಿ ಫಿಲ್ಮಿನ ಸ್ಥಾನವನ್ನು ಆಕ್ರಮಿಸಿದ ಸೆನ್ಸರು ಯಂತ್ರದ ದೇಹಕ್ಕೇ ಬೆಸೆದುಹೋಗಿದೆ. ಸೆನ್ಸರು ಕೆಟ್ಟರೆ, ಬೋರ್ಡು ಸುಟ್ಟರೆ, ಆ ಅಳತೆಯ ಬ್ಯಾಟರಿಯನ್ನು ಕಂಪನಿಯವರು ನಿಲ್ಲಿಸಿಬಿಟ್ಟರೆ, ಉಳಿದ ಭಾಗವೆಲ್ಲ ಸುಸ್ಥಿತಿಯಲ್ಲಿದ್ದರೂ ಕ್ಯಾಮೆರಾ ನಿರುಪಯೋಗಿ. ಗಡಿಯಾರ ರಿಪೇರಿಯವನ ಚಿಮಟ ಇಲ್ಲಿ ಏನನ್ನೂ ಮಾಡಲಾರದು. ಆದರೂ ನ್ಯಾಯವಾಗಿ ಹೇಳಬೇಕಾದ ಮಾತೊಂದುಂಟು. 2008ರಲ್ಲಿ ಬಂದ ನಿಕಾನ್ ಡಿ90ರ ಷಟರನ್ನು 1,00,000 ಸಲದ ಬಳಕೆಗೆಂದು ಪರೀಕ್ಷಿಸಲಾಗಿತ್ತು. ಫಿಲ್ಮಿನ ಕಾಲದ ಲೆಕ್ಕದಂತೆ ಗದಗು ಜಿಲ್ಲೆಯ ಮುಂಡರಗಿಯಲ್ಲೊಂದು ಮದುವೆಗೆ 36 ಚಿತ್ರಗಳ ಮೂರು ರೀಲಿನಷ್ಟು, ಎಂದರೆ 108 ಚಿತ್ರ ತೆಗೆದರೆ ಅಷ್ಟು ಎಣಿಕೆ ತೀರಲು 900ಕ್ಕೂ ಹೆಚ್ಚು ಮದುವೆಗಳು ಬೇಕು. ಸೆನ್ಸರಿಗೆ ಖರ್ಚಿಲ್ಲವೆಂದು ಒಂದೊಂದು ಮದುವೆಗೆ ಸಾವಿರ ಸಲ ಗುಂಡಿ ಒತ್ತಿದರೆ ನೂರು ಮದುವೆಗಳಿಗೇ ಅದು ತೀರುವುದು. ಹಳೆಯ ಕ್ಯಾಮೆರಾ ಬಾಳಿದ್ದು ಲೋಹದ ಗಟ್ಟಿತನದಿಂದಷ್ಟೇ ಅಲ್ಲ, ರೀಲಿನ ಬೆಲೆಗೆ ಅಂಜಿ ಕೈ ಬಿಗಿಹಿಡಿದು ಚಿತ್ರ ತೆಗೆದವರ ಮಿತವ್ಯಯದಿಂದಲೂ ಹೌದು. ಈ ಒಣ ಹವೆಯ ಸೀಮೆಯ ಉಪಕಾರವೂ ಸಣ್ಣದಲ್ಲ. ಮಲೆನಾಡು, ಕರಾವಳಿಗಳಲ್ಲಿ ಮಸೂರಕ್ಕೆ ಹತ್ತುವಷ್ಟು ಬೂಷ್ಟು ಇಲ್ಲಿ ಹತ್ತದು.

ಇನ್ನು ಫಿಲ್ಮಿನ ಗತಿ. 1960ರಲ್ಲಿ ಸ್ಥಾಪಿತವಾಗಿ ‘ಇಂದು’ ಎಂಬ ಹೆಸರಿನಿಂದ ದೇಶಕ್ಕೆಲ್ಲ ಫಿಲ್ಮು, ಕಾಗದಗಳನ್ನು ಒದಗಿಸಿದ ಊಟಿಯ ಹಿಂದೂಸ್ತಾನ್ ಫೋಟೋ ಫಿಲ್ಮ್ಸ್ ಕಾರ್ಖಾನೆ ಮುಚ್ಚಿಹೋಗಿದೆ. ಕೊಡಾಕ್ ಕಂಪನಿ 2012ರಲ್ಲಿ ದಿವಾಳಿಯ ಅರ್ಜಿ ಹಾಕಿ, ಮತ್ತೆ ಚೇತರಿಸಿಕೊಂಡು, ಇಂದಿಗೂ ಫಿಲ್ಮನ್ನು ತಯಾರಿಸುತ್ತಿದೆಯಾದರೂ ಅದು ತಾಲೂಕಿನ ಪೇಟೆಗಳಿಗೆ ಬರುವ ಸರಕಾಗಿ ಉಳಿದಿಲ್ಲ. ತಜ್ಞನ ಕೈಗೆ ಕೊಟ್ಟರೆ ಈಗಲೂ ನಡೆಯತಕ್ಕ ಯಾಶಿಕಾಕ್ಕೆ ರೀಲು ದೊರೆಯುವುದು ದೂರದ ಮಹಾನಗರದಿಂದ, ಅದನ್ನು ಡೆವಲಪ್ ಮಾಡಿಸುವುದಕ್ಕೂ ಅಲ್ಲಿಗೇ ಕಳುಹಿಸಬೇಕು.