ಎಣ್ಣೆಬಾವಿಯ ಬಿಳಿ ಪೊರೆ

ಕೊಳವೆಬಾವಿಯ ಗಡಸು ನೀರನ್ನು ವರ್ಷಗಟ್ಟಲೆ ಕಾಯಿಸಿದ ಬಚ್ಚಲ ಹಂಡೆಯ ಒಳಗೆ ಒಮ್ಮೆ ಕೈಯಾಡಿಸಿ ನೋಡಿ. ಬಿಳಿಯ ಗಟ್ಟಿ ಪೊರೆಯೊಂದು ಕೂತಿರುತ್ತದೆ. ನೀರಿನಲ್ಲಿ ಕರಗಿದ್ದ ಸುಣ್ಣದ ಅಂಶ ಅಲ್ಲಿ ಗಟ್ಟಿಗೊಂಡಿದೆ, ಅಷ್ಟೆ. ಪೆಟ್ರೋಲಿಯಂ ಬಾವಿಗಳ ಉಕ್ಕಿನ ಕೊಳವೆಗಳಲ್ಲೂ ಇಂಥದೇ ಪೊರೆ ಕಟ್ಟುತ್ತದೆ. ಆದರೆ ಅದರ ಬಳಿ ವಿಕಿರಣಮಾಪಕ ಹಿಡಿದರೆ ಕೆಲವೊಮ್ಮೆ ಅದು ಟಿಕ್ ಟಿಕ್ ಎನ್ನತೊಡಗುತ್ತದೆ. ಈ ಪೊರೆಯ ಇತಿಹಾಸ ವಿಚಿತ್ರವಾದುದು. ಅದರಲ್ಲಿ ಅಡಗಿರುವ ವಸ್ತುವನ್ನು ಒಂದು ದೇಶ ನಿಧಿಯೆಂದು ಬಗೆದು ಕೈದಿಗಳಿಂದ ಸಂಗ್ರಹಿಸಿತು. ಇನ್ನೊಂದು ದೇಶ ಅದನ್ನು ಕಸವೆಂದು ಕೆರೆದು ಬಯಲಿಗೆ ಚೆಲ್ಲಿತು.

ಆ ವಸ್ತುವಿನ ಹೆಸರು ರೇಡಿಯಂ. ಭೂಮಿಯೊಳಗಿನ ಬಂಡೆಗಳಲ್ಲೆಲ್ಲ ಯುರೇನಿಯಂ, ಥೋರಿಯಂ ಅಲ್ಪಸ್ವಲ್ಪ ಇದ್ದೇ ಇರುತ್ತವೆ. ಎಣ್ಣೆಯಿರುವ ಆಳದಲ್ಲಿ ಅವು ಸಾಮಾನ್ಯವಾಗಿ ನೀರಿನಲ್ಲಿ ಕರಗದೆ ಬಂಡೆಯಲ್ಲೇ ಉಳಿಯುತ್ತವೆ. ಅವು ಕ್ಷಯಿಸಿದಾಗ ಹುಟ್ಟುವ ರೇಡಿಯಂ ಮಾತ್ರ ಅಲ್ಲಿನ ಉಪ್ಪುನೀರಿನಲ್ಲಿ ಕರಗಿಬಿಡುತ್ತದೆ. ಎಣ್ಣೆ ಒಂಟಿಯಾಗಿ ಮೇಲೆ ಬರುವುದಿಲ್ಲ. ಈ ಉಪ್ಪುನೀರೂ ಜೊತೆಗೇ ಬರುತ್ತದೆ. ಮೇಲೇರುತ್ತಿದ್ದಂತೆ ಒತ್ತಡ, ಶಾಖ ಎರಡೂ ಇಳಿಯುತ್ತವೆ. ಆಗ ನೀರಿನಲ್ಲಿದ್ದ ಬೇರಿಯಂ ಮತ್ತು ಸಲ್ಫೇಟುಗಳು ಕೂಡಿಕೊಂಡು ಕೊಳವೆಯ ಗೋಡೆಗೆ ಅಂಟಿಕೊಳ್ಳುತ್ತವೆ. ರಾಸಾಯನಿಕವಾಗಿ ಬೇರಿಯಂನ ನೆಂಟನೇ ಆದ ರೇಡಿಯಂ ಕೂಡ ಅದರೊಂದಿಗೆ ಪೊರೆಯೊಳಗೆ ಸೇರಿಕೊಳ್ಳುತ್ತದೆ.

ಎಣ್ಣೆಗೂ ವಿಕಿರಣಕ್ಕೂ ಇರುವ ಈ ನಂಟು ಹೊಸ ಸಂಗತಿಯೇನಲ್ಲ. ಮೇರಿ ಮತ್ತು ಪಿಯರ್ ಕ್ಯೂರಿ ದಂಪತಿ ರೇಡಿಯಂ ಕಂಡುಹಿಡಿದದ್ದು 1898ರಲ್ಲಿ. ಆರೇ ವರ್ಷಗಳ ನಂತರ, 1904ರಲ್ಲಿ, ಕೆನಡಾದ ಟೊರಾಂಟೊದಲ್ಲಿ ಇ.ಎಫ್. ಬರ್ಟನ್ ಎಂಬ ವಿಜ್ಞಾನಿ ಕಚ್ಚಾ ತೈಲದಿಂದ ವಿಕಿರಣಶೀಲ ಅನಿಲ ಹೊರಬರುವುದನ್ನು ವರದಿ ಮಾಡಿದ.

ಆಗಿನ್ನೂ ರೇಡಿಯಂ ಎಂದರೆ ಜಗತ್ತಿಗೆ ಬೆರಗು. ಕ್ಯಾನ್ಸರ್ ಚಿಕಿತ್ಸೆಗೆ ಅದು ಬೇಕಿತ್ತು. 1921ರಲ್ಲಿ ಅಮೆರಿಕದ ಮಹಿಳೆಯರು ಹಣ ಕೂಡಿಸಿ ಮೇರಿ ಕ್ಯೂರಿಗೆ ಒಂದು ಗ್ರಾಂ ರೇಡಿಯಂ ಕೊಡಿಸಿದಾಗ ಅದರ ಬೆಲೆ ಒಂದು ಲಕ್ಷ ಡಾಲರ್. ಇಷ್ಟು ದುಬಾರಿ ವಸ್ತು ತನ್ನ ನೆಲದಲ್ಲೇ ಸಿಗುವುದಾದರೆ ಯಾವ ದೇಶ ತಾನೆ ಬಿಟ್ಟೀತು?

ರಷ್ಯದ ಉತ್ತರಕ್ಕೆ, ಕೋಮಿ ಪ್ರದೇಶದ ದಟ್ಟ ಕಾಡಿನ ನಡುವೆ ಉಖ್ತಾ ಎಂಬ ನದಿಯಿದೆ. ಎಣ್ಣೆ ಹುಡುಕಲು ಅಲ್ಲಿ ಬಾವಿಗಳನ್ನು ಕೊರೆಯಲಾಗಿತ್ತು. 1926ರಲ್ಲಿ ಸೋವಿಯತ್ ವಿಜ್ಞಾನಿಗಳು ಆ ಬಾವಿಯ ಉಪ್ಪುನೀರನ್ನು ಪರೀಕ್ಷಿಸಿದಾಗ ಅದರಲ್ಲಿ ಹೇರಳ ರೇಡಿಯಂ ಇರುವುದು ಗೊತ್ತಾಯಿತು. 1929ರಲ್ಲಿ ಸೋವಿಯತ್ ಗುಪ್ತ ಪೊಲೀಸ್ ಪಡೆ ಕೈದಿಗಳ ತಂಡವೊಂದನ್ನು ಅಲ್ಲಿಗೆ ಸಾಗಿಸಿತು. 1931ರಲ್ಲಿ ರೇಡಿಯಂ ತೆಗೆಯುವ ಕೆಲಸ ಆರಂಭವಾಯಿತು. ವೋದ್ನಿ ಎಂಬ ಊರೇ ಅದರ ಸುತ್ತ ಹುಟ್ಟಿಕೊಂಡಿತು. ಹೆಸರಿನ ಅರ್ಥವೇ 'ನೀರಿನದು' ಎಂದು.

ಬಾವಿಯ ನೀರನ್ನು ದೊಡ್ಡ ತೊಟ್ಟಿಗಳಿಗೆ ತುಂಬಿಸಿ, ಬೇರಿಯಂ ಸಲ್ಫೇಟನ್ನು ಗಸಿಯಾಗಿ ತಳಕ್ಕೆ ಇಳಿಸುವುದು. ಅದರೊಂದಿಗೆ ಇಳಿದ ರೇಡಿಯಂ ಅನ್ನು ಮತ್ತೆ ಮತ್ತೆ ಶುದ್ಧಿಮಾಡಿ ಬೇರ್ಪಡಿಸುವುದು: ಇದು ಅಲ್ಲಿನ ವಿಧಾನ. ಕೊಳವೆಯೊಳಗೆ ಪ್ರಕೃತಿ ತಾನಾಗಿ ಮಾಡುವುದನ್ನೇ ಇಲ್ಲಿ ಮನುಷ್ಯರ ಕೈಯಿಂದ ಮಾಡಿಸಲಾಯಿತು. ತೊಟ್ಟಿಗಳ ಬಳಿ ದುಡಿದವರಲ್ಲಿ ಬಹಳ ಮಂದಿ ಕೈದಿಗಳು. ಕೈದಿಗಳಾಗಿ ಬಂದ ರಸಾಯನತಜ್ಞರೂ ಅವರಲ್ಲಿದ್ದರು. 1956ರಲ್ಲಿ ಕೆಲಸ ನಿಂತಿತು. ಆದರೆ ಚೆಲ್ಲಿದ ನೀರು, ಗಸಿ ಅಲ್ಲಿನ ಮಣ್ಣಿನಲ್ಲೇ ಉಳಿದವು. ಆ ಮಣ್ಣಿನ ಮೇಲೆ ಬೆಳೆದ ಗಿಡಗಳನ್ನೂ ಅಲ್ಲಿ ಬಿಲ ತೋಡಿದ ಕಾಡಿಲಿಗಳನ್ನೂ ಕೋಮಿಯ ಜೀವವಿಜ್ಞಾನಿಗಳು ದಶಕಗಳ ಕಾಲ ಅಧ್ಯಯನ ಮಾಡಿದರು.

ರೇಡಿಯಂನ ಅಪಾಯ ಆಗ ಗೊತ್ತಿರಲಿಲ್ಲ ಎನ್ನುವಂತಿಲ್ಲ. ಗಡಿಯಾರದ ಮುಖಕ್ಕೆ ಹೊಳೆಯುವ ರೇಡಿಯಂ ಬಣ್ಣ ಬಳಿಯುತ್ತಿದ್ದ ಅಮೆರಿಕದ ಹುಡುಗಿಯರ ದವಡೆಯ ಮೂಳೆಗಳು ಕರಗಿಹೋದ ಸುದ್ದಿ 1920ರ ದಶಕದಲ್ಲೇ ಪತ್ರಿಕೆಗಳಲ್ಲಿ ಬಂದಿತ್ತು. ಕ್ಯಾಲ್ಸಿಯಂ ಎಂದೇ ಭ್ರಮಿಸಿ ದೇಹ ರೇಡಿಯಂ ಅನ್ನು ಮೂಳೆಗೆ ಸೇರಿಸಿಕೊಳ್ಳುತ್ತದೆ.

ಆ ಬಳಿಕ ರೇಡಿಯಂ ಬೆಲೆ ಕಳೆದುಕೊಂಡಿತು. ಅಗ್ಗದ ಕೃತಕ ವಿಕಿರಣಧಾತುಗಳು ಅದರ ಜಾಗಕ್ಕೆ ಬಂದವು. ಯಾರಿಗೂ ಬೇಡವಾದ ರೇಡಿಯಂ ಮಾತ್ರ ಎಣ್ಣೆಯ ಜೊತೆ ಮೇಲೆ ಬರುತ್ತಲೇ ಇತ್ತು. 1981ರಲ್ಲಿ ಉತ್ತರ ಸಮುದ್ರದ ಎಣ್ಣೆ ಅಟ್ಟಣೆಗಳಲ್ಲಿ ಅದು ಪತ್ತೆಯಾಯಿತು. 1986ರಲ್ಲಿ ಅಮೆರಿಕದ ಮಿಸಿಸಿಪಿ ರಾಜ್ಯದ ಒಂದು ಬಾವಿಯನ್ನು ದುರಸ್ತಿ ಮಾಡುವಾಗ ಕೊಳವೆಯ ಪೊರೆಯಲ್ಲಿ ಕಂಡುಬಂತು. ಬರ್ಟನ್‌ನ ವರದಿ ಬಂದು ಅಷ್ಟರಲ್ಲಿ 82 ವರ್ಷಗಳಾಗಿದ್ದವು.

ಕೊಳವೆಯೊಳಗೆ ಸುಮ್ಮನೆ ಕೂತಿರುವ ಪೊರೆಯಿಂದ ಹೊರಗೆ ನಿಂತವರಿಗೆ ಅಂಥ ಕೆಡುಕಿಲ್ಲ. ಅಪಾಯವಿರುವುದು ಕೆರೆಯುವಾಗ. ಧೂಳಾಗಿ ಎದ್ದ ರೇಡಿಯಂ ಉಸಿರಿನೊಡನೆ ಒಳಗೆ ಹೋದರೆ ತೊಂದರೆ. ಅಲ್ಲಿಯವರೆಗೆ ಹಳೆಯ ಕೊಳವೆಗಳನ್ನು ಬಯಲಿನ ಅಂಗಳಗಳಲ್ಲಿ ಉಜ್ಜಿ, ಕೆರೆದು ಮತ್ತೆ ಬಳಕೆಗೆ ಕಳಿಸುತ್ತಿದ್ದರು. ಪೊರೆಯ ಪುಡಿ ನೆಲಕ್ಕೆ ಬೀಳುತ್ತಿತ್ತು.

ಲೂಯಿಸಿಯಾನಾ ರಾಜ್ಯದ ಹಾರ್ವೆ ಎಂಬಲ್ಲಿ ಹೀಗೆ ದಶಕಗಳ ಕಾಲ ಬಾಡಿಗೆಗೆ ಹೋಗಿದ್ದ ಜಮೀನಿನ ಮಾಲೀಕರು ನ್ಯಾಯಾಲಯಕ್ಕೆ ಹೋದರು. ಕೊಳವೆಗಳನ್ನು ಅಲ್ಲಿಗೆ ಕಳಿಸುತ್ತಿದ್ದ ಎಕ್ಸಾನ್‌ಮೊಬಿಲ್ ಕಂಪನಿಗೆ 2001ರಲ್ಲಿ ಜ್ಯೂರಿ ವಿಧಿಸಿದ ದಂಡ 100 ಕೋಟಿ ಡಾಲರ್. ಮೇಲ್ಮನವಿಯಲ್ಲಿ ಅದು ಸುಮಾರು 11 ಕೋಟಿಗೆ ಇಳಿಯಿತು.

ಕಾನೂನು ಏನು ಮಾಡುತ್ತಿತ್ತು? ಅಪಾಯಕಾರಿ ಕಸದ ನಿಯಮಗಳಿಂದ ಎಣ್ಣೆಬಾವಿಯ ಕಸವನ್ನು ಅಮೆರಿಕದ ಸಂಸತ್ತು 1980ರಲ್ಲಿ ಹೊರಗಿಟ್ಟಿತ್ತು. 1988ರಲ್ಲಿ ಪರಿಸರ ಸಂರಕ್ಷಣಾ ಸಂಸ್ಥೆ ಅದನ್ನೇ ಎತ್ತಿಹಿಡಿದು, ಹೊಣೆಯನ್ನು ಬಹುಮಟ್ಟಿಗೆ ರಾಜ್ಯಗಳಿಗೆ ಬಿಟ್ಟಿತು. ಮರುವರ್ಷ ಲೂಯಿಸಿಯಾನಾ ಇಂಥ ವಿಕಿರಣಕ್ಕೆಂದೇ ನಿಯಮ ರೂಪಿಸಿದ ಮೊದಲ ರಾಜ್ಯವಾಯಿತು. ಮನುಷ್ಯ ಮಾಡಿದ ವಿಕಿರಣಕ್ಕೆ ಬಿಗಿ ಕಾವಲು. 'ನೈಸರ್ಗಿಕ' ಎನ್ನಿಸಿಕೊಂಡದ್ದಕ್ಕೆ ಸಡಿಲ ಬಾಗಿಲು. ಆದರೆ ಮೂಳೆಗೆ ಆ ಭೇದ ಗೊತ್ತಿಲ್ಲ. ಆಳದಲ್ಲಿ ಚದುರಿ ಕೂತಿದ್ದುದನ್ನು ಮೇಲೆತ್ತಿ ಒಂದೆಡೆ ಗುಡ್ಡೆ ಹಾಕಿದ್ದು ಪ್ರಕೃತಿಯಲ್ಲ, ನಾವು.

ರೇಡಿಯಂನ ಅರ್ಧಾಯುಷ್ಯ, ಅಂದರೆ ಇದ್ದುದರಲ್ಲಿ ಅರ್ಧ ಕ್ಷಯಿಸಲು ಬೇಕಾದ ಕಾಲ, ಸುಮಾರು 1600 ವರ್ಷ. ಹಲ್ಮಿಡಿ ಶಾಸನವನ್ನು ಕಲ್ಲಿನಲ್ಲಿ ಕಡೆದ ಕಾಲಕ್ಕೆ ಯಾರಾದರೂ ಒಂದು ಹಿಡಿ ಪೊರೆಯನ್ನು ಹೂತಿಟ್ಟಿದ್ದರೆ, ಅದರ ರೇಡಿಯಂನಲ್ಲಿ ಅರ್ಧಕ್ಕಿಂತ ಹೆಚ್ಚು ಇಂದಿಗೂ ಉಳಿದಿರುತ್ತಿತ್ತು. ವೋದ್ನಿಯ ಶಿಬಿರ ಮುಚ್ಚಿದೆ, ಹಾರ್ವೆಯ ಮೊಕದ್ದಮೆ ಮುಗಿದಿದೆ. ನೆಲಕ್ಕೆ ಬಿದ್ದ ರೇಡಿಯಂಗೆ ಮಾತ್ರ ಅದು ನಿನ್ನೆಯ ಮಾತು.