ಜೋಡಿ ಚಕ್ರಗಳ ಚರಿತ್ರೆ

ನಮ್ಮ ತಂದೆಯವರ ಜೀಪಿನ ಹಿಂದಿನ ಇರುಸನ್ನು ಮನೆಯ ಹಿತ್ತಿಲಲ್ಲೇ ಬಿಚ್ಚಿ ಕಟ್ಟುವ ಸಾಹಸಕ್ಕೆ ಕೈಹಾಕದಿದ್ದರೆ ನಾನು ಈ ಚರಿತ್ರೆಯನ್ನು ಓದುವ ಗೋಜಿಗೇ ಹೋಗುತ್ತಿರಲಿಲ್ಲ. ಓದಿದ್ದು ಕೆಲಸ ಕೆಟ್ಟ ಮೇಲೆ.

ಎತ್ತಿನ ಗಾಡಿಯನ್ನು ನೋಡಿದವರಿಗೆ ಮೂಲ ತೊಡಕು ಬೇಗ ತಿಳಿಯುತ್ತದೆ. ಗಾಡಿಯ ಇರುಸು ತಿರುಗುವುದಿಲ್ಲ. ಚಕ್ರಗಳೆರಡೂ ಅದರ ತುದಿಗಳಲ್ಲಿ ತಮ್ಮ ಪಾಡಿಗೆ ತಾವು ಉರುಳುತ್ತವೆ. ತಿರುವಿನಲ್ಲಿ ಹೊರಗಿನ ಚಕ್ರ ಹೆಚ್ಚು ದೂರ ಹೋಗಬೇಕು, ಒಳಗಿನದು ಕಡಿಮೆ. ಎಳೆಯುವವು ಎತ್ತುಗಳಾದ್ದರಿಂದ ತಂಟೆಯಿಲ್ಲ. ಎತ್ತನ್ನು ಬಿಟ್ಟು ಚಕ್ರಗಳಿಗೇ ಶಕ್ತಿ ಕೊಟ್ಟು ಬಂಡಿ ಓಡಿಸಹೊರಟಾಗ ಕಷ್ಟ ಬಂತು. ಎರಡನ್ನೂ ಒಂದೇ ಸರಳಿಗೆ ಬಿಗಿದರೆ ತಿರುವಿನಲ್ಲಿ ಒಂದಾದರೂ ನೆಲಕ್ಕೆ ಉಜ್ಜಿಕೊಂಡೇ ಹೋಗಬೇಕು.

ಗಡಿಯಾರದ ಕಸುಬಿನಿಂದ ಬಂದ ಫ್ರಾನ್ಸಿನ ಒನೆಸಿಫೋರ್ ಪೆಕ್ಯೂರ್ 1820ರ ದಶಕದ ಕೊನೆಯಲ್ಲಿ ಹಬೆಯ ಬಂಡಿಗಾಗಿ ಡಿಫರೆನ್ಷಿಯಲ್ ಹೊಂದಿಸಿ ಪೇಟೆಂಟ್ ಪಡೆದ. ಶಕ್ತಿ ಎರಡೂ ಕಡೆಗೆ ಹಂಚಿಹೋಗಬೇಕು, ವೇಗ ಮಾತ್ರ ಬೇರೆಯಾಗಬಹುದು ಎಂಬುದು ಅದರ ಮರ್ಮ. 1877ರಲ್ಲಿ ಇಂಗ್ಲೆಂಡಿನ ಕವೆಂಟ್ರಿಯ ಜೇಮ್ಸ್ ಸ್ಟಾರ್ಲಿ ಅದನ್ನು ತ್ರಿಚಕ್ರ ಸೈಕಲ್ಲಿಗೆ ಅಳವಡಿಸಿದ. ಮಗನೊಡನೆ ಅಕ್ಕಪಕ್ಕ ಕೂತು ತುಳಿಯುವಾಗ ಮಗನ ಕಾಲಿನ ಬಲ ಹೆಚ್ಚಾಗಿ ಇಬ್ಬರೂ ರಸ್ತೆ ಬಿಟ್ಟು ಪೊದೆಗೆ ಬಿದ್ದರೆಂದು ಒಂದು ಕಥೆಯಿದೆ. ನಿಜವಿರಲಿ ಸುಳ್ಳಿರಲಿ, ತಂದೆಯ ಗಾಡಿ ಕೆಡಿಸಿದ ಮಗನಾದ ನನಗೆ ಅದು ಹಿಡಿಸಿತು.

ಮೋಟಾರಿನಲ್ಲಿ ಇನ್ನೊಂದು ಕೆಲಸ ಕೂಡಿಕೊಂಡಿತು. ಎಂಜಿನ್ನಿನಿಂದ ಉದ್ದಕ್ಕೆ ಬರುವ ತಿರುಗಣೆಯನ್ನು ಅಡ್ಡಕ್ಕೆ ಹೊರಳಿಸಬೇಕು. ಅದು ಪಿನಿಯನ್ ಎಂಬ ಚಿಕ್ಕ ಹಲ್ಲುಚಕ್ರ ಮತ್ತು ಕ್ರೌನ್ ಎಂಬ ದೊಡ್ಡದರ ಪಾಲು. ಅಮೆರಿಕದ ರಾಚೆಸ್ಟರಿನ ವಿಲಿಯಂ ಗ್ಲೀಸನ್ 1874ರಲ್ಲೇ ಇಂಥ ಓರೆಹಲ್ಲು ಕೊರೆಯುವ ಯಂತ್ರ ಮಾಡಿದ್ದ. ಅವನ ಕಂಪನಿ 1920ರ ದಶಕದಲ್ಲಿ ಹೈಪಾಯ್ಡ್ ಹಲ್ಲನ್ನು ತಂದಿತು. ಇದರಲ್ಲಿ ಪಿನಿಯನ್ ಕ್ರೌನಿನ ನಡುಗೆರೆಗಿಂತ ಕೆಳಗೆ ಕೂರುವುದರಿಂದ ಕಾರಿನ ನೆಲವನ್ನು ತಗ್ಗಿಸಲು ಅನುಕೂಲವಾಯಿತು. ಆದರೆ ಕೊರೆದ ಉಕ್ಕನ್ನು ಬೆಂಕಿಯಲ್ಲಿ ಗಟ್ಟಿಮಾಡುವಾಗ ಕೂದಲೆಳೆಯಷ್ಟು ಸೊಟ್ಟಗಾಗುತ್ತದೆ. ಅದಕ್ಕಾಗಿ ಎರಡು ಚಕ್ರಗಳನ್ನೂ ಕೂಡಿಸಿ, ನಡುವೆ ಸಾಣೆಪುಡಿ ಹಾಕಿ, ಒಂದಕ್ಕೊಂದು ತೇಯಿಸುತ್ತಾರೆ. ಆಮೇಲೆ ಅವು ಜೋಡಿ. ಎರಡರ ಮೇಲೂ ಒಂದೇ ಸಂಖ್ಯೆ ಕೆತ್ತುತ್ತಾರೆ.

ಈ ಕೊನೆಯ ಮಾತು ನನಗೆ ಗೊತ್ತಿರಲಿಲ್ಲ. ನಮ್ಮ ಜೀಪಿನ ಕ್ರೌನಿಗೆ 43 ಹಲ್ಲು, ಪಿನಿಯನ್ನಿಗೆ 8. ಪಿನಿಯನ್ ಸವೆದಿತ್ತು. ಹಳೆಯ ಜೀಪೊಂದರಿಂದ ಬಿಚ್ಚಿದ 8 ಹಲ್ಲಿನ ಪಿನಿಯನ್ ಮಾತ್ರ ಕೊಂಡುತಂದೆ. ಲೆಕ್ಕ ಸರಿಯಿತ್ತಲ್ಲ!

ಹಲ್ಲಿಗೆ ಎಣ್ಣೆಯಲ್ಲಿ ಕಲಸಿದ ರೆಡ್ ಲೆಡ್ ಸವರಿ ತಿರುಗಿಸಿದರೆ ಗುರುತು ಬೀಳುತ್ತದೆ. (ಸೀಸದ ಸಿಂಧೂರವದು, ವಿಷ, ಕೈ ತೊಳೆಯದೆ ಕಾಫಿ ಲೋಟ ಮುಟ್ಟಬಾರದು.) ಗುರುತು ಕ್ರೌನ್ ಹಲ್ಲಿನ ಬುಡಕ್ಕಿಳಿದರೆ ಪಿನಿಯನ್ ಅತಿಯಾಗಿ ಒಳಗಿದೆ, ನೆತ್ತಿಗೇರಿದರೆ ಹಿಂದೆ ಉಳಿದಿದೆ. ತೆಳು ಶಿಮ್ ತೆಗೆದು ದಪ್ಪನೆಯದು ಹಾಕು, ದಪ್ಪ ತೆಗೆದು ತೆಳು ಹಾಕು. ಪ್ರತಿ ಸಲವೂ ಬೇರಿಂಗನ್ನು ಪುಲ್ಲರಿನಿಂದ ಕೀಳಬೇಕು. ಹಲ್ಲುಗಳ ನಡುವಿನ ಸಡಿಲ ಅಂಗುಲದ ಸಾವಿರದಲ್ಲಿ 5ರಿಂದ 7 ಪಾಲು ಇರಬೇಕು. ಡಯಲ್ ಗೇಜಿನಲ್ಲಿ ಅದು ಬಂತು. ಗುರುತು ಮಾತ್ರ ಒಂದು ಹಲ್ಲಿನಲ್ಲಿ ನೆತ್ತಿಗೆ, ಇನ್ನೊಂದರಲ್ಲಿ ಬುಡಕ್ಕೆ. ಮೂರು ಭಾನುವಾರ ಹೀಗೇ ಕಳೆದವು. ಸಾಕೆಂದು ಮುಚ್ಚಿ ಓಡಿಸಿದರೆ 30 ಮೈಲಿ ವೇಗಕ್ಕೇ ಊಳಿಟ್ಟಿತು. ತಂದೆಯವರು ಏನೂ ಅನ್ನಲಿಲ್ಲ. ಅದೇ ಕಷ್ಟವಾಯಿತು.

ಪರಿಚಯದ ಹಳೆಯ ಮೇಸ್ತ್ರಿಯೊಬ್ಬರು ಬಂದು, ಎರಡು ಚಕ್ರಗಳನ್ನೂ ಒರೆಸಿ, ಬೆಳಕಿಗೆ ಹಿಡಿದರು. "ನಂಬರೇ ಬೇರೆ ಬೇರೆ ಇದೆಯಲ್ಲ ಸ್ವಾಮಿ, ಇವಕ್ಕೆ ಸಂಬಂಧ ಎಲ್ಲಿಂದ ಬರಬೇಕು?"

43ನ್ನೂ 8ನ್ನೂ ಒಂದೇ ಸಂಖ್ಯೆಯಿಂದ ಭಾಗಿಸಲಾಗದು. ಆದ್ದರಿಂದ ಪಿನಿಯನ್ನಿನ ಒಂದೊಂದು ಹಲ್ಲೂ ಸರದಿಯಲ್ಲಿ ಕ್ರೌನಿನ ಎಲ್ಲ ಹಲ್ಲುಗಳನ್ನೂ ಮುಟ್ಟುತ್ತದೆ. ತೇಯ್ದಾಗ ಎಲ್ಲವೂ ಎಲ್ಲದಕ್ಕೂ ಹೊಂದಿಕೊಳ್ಳುವುದು ಇದರಿಂದಲೇ. ನಾನು ತಂದದ್ದು ಬೇರೊಂದು ಕ್ರೌನಿನ 43 ಹಲ್ಲುಗಳಿಗೆ ಹೊಂದಿಕೊಂಡ ಪಿನಿಯನ್.

ಹೊಸ ಜೋಡಿ ತಂದು ಮೊದಲಿನಿಂದ ಶಿಮ್ ಕೂರಿಸಿದೆ. ಎರಡನೆಯ ಸಲಕ್ಕೇ ಗುರುತು ಹಲ್ಲಿನ ನಡುವೆ ಬಂತು. ತಂದೆಯವರು ಪಕ್ಕದಲ್ಲಿ ಕೂತು ಎರಡು ಮೈಲಿ ಕಿವಿಗೊಟ್ಟು ಕೇಳಿದರು. ಆಮೇಲೆ, "ಬ್ರೇಕು ಒಂದು ಸಲ ನೋಡಿಸಿಬಿಡಪ್ಪ" ಎಂದರು.