ನಾಬೋತನ ತೋಟ, ನಂದಿಕೂರಿನ ನೆಲ



ಅರಸರ ಪ್ರಥಮ ಗ್ರಂಥದ 21ನೆಯ ಅಧ್ಯಾಯವನ್ನು ನೀವು ಓದಿರಬಹುದು. ಅರಮನೆಯ ಮಗ್ಗುಲಲ್ಲಿದ್ದ ನಾಬೋತನ ದ್ರಾಕ್ಷಿತೋಟವನ್ನು ಅಹಾಬ ಅರಸನು ಬಯಸಿದನು. ಇನ್ನೂ ಒಳ್ಳೆಯ ತೋಟವನ್ನೋ ತಕ್ಕ ಬೆಲೆಯನ್ನೋ ಕೊಡಲು ಅವನು ಸಿದ್ಧನಿದ್ದನು. ಪಿತ್ರಾರ್ಜಿತ ನೆಲವನ್ನು ಬಿಟ್ಟುಕೊಡಲು ನಾಬೋತನು ಒಪ್ಪಲಿಲ್ಲ. ಮುಂದೆ ನಡೆದುದನ್ನು ಗಮನಿಸಿರಿ. ರಾಣಿ ಈಜೆಬೆಲಳು ಸೈನ್ಯವನ್ನು ಕಳುಹಿಸಲಿಲ್ಲ; ರಾಜಮುದ್ರೆಯೊತ್ತಿದ ಪತ್ರಗಳನ್ನು ಕಳುಹಿಸಿದಳು. ಊರಿನ ಸಭೆ ಸೇರಿತು, ಸಾಕ್ಷಿಗಳು ನಿಂತರು, ನಾಬೋತನಿಗೆ ಮರಣದಂಡನೆಯಾಯಿತು. ಎಲ್ಲವೂ ಕ್ರಮಬದ್ಧವಾಗಿಯೇ ನಡೆಯಿತು, ನ್ಯಾಯವೊಂದೇ ಅಲ್ಲಿರಲಿಲ್ಲ.

ಯಾರನ್ನೂ ಅಹಾಬನೆಂದು ಹೆಸರಿಸುವುದು ಈ ಲೇಖನದ ಉದ್ದೇಶವಲ್ಲ. ಆದರೆ ಸರಕಾರದ ಮುದ್ರೆಯಿದ್ದ ಮಾತ್ರಕ್ಕೆ ಕಾರ್ಯವೊಂದು ನ್ಯಾಯಯುತವಾದೀತೇ ಎಂಬ ಪ್ರಶ್ನೆಯನ್ನು ಪಡುಬಿದ್ರಿ–ಕಾರ್ಕಳ ಮಾರ್ಗದಲ್ಲಿರುವ ನಂದಿಕೂರಿನ ಜನರು ಮೂರು ದಶಕಗಳಿಂದ ಕೇಳುತ್ತ ಬಂದಿದ್ದಾರೆ.

1990ರ ದಶಕದಲ್ಲಿ ವಿದ್ಯುತ್ ಕ್ಷೇತ್ರಕ್ಕೆ ಖಾಸಗಿ ಬಂಡವಾಳವನ್ನು ಕರೆತರಲು ಕೇಂದ್ರ ಸರಕಾರವು ಎಂಟು ಯೋಜನೆಗಳಿಗೆ ತ್ವರಿತ ದಾರಿಯನ್ನು ತೆರೆಯಿತು. ಅವುಗಳಲ್ಲೊಂದು, ಅಮೆರಿಕದ ಕೊಜೆಂಟ್ರಿಕ್ಸ್ ಸಂಸ್ಥೆಯು ನಂದಿಕೂರಿನಲ್ಲಿ ಸ್ಥಾಪಿಸಲು ಹೊರಟಿದ್ದ ಸುಮಾರು 1000 ಮೆಗಾವಾಟ್‌ಗಳ ಕಲ್ಲಿದ್ದಲು ಸ್ಥಾವರ. ಭತ್ತ, ತೆಂಗು, ಕಂಗು, ಮಲ್ಲಿಗೆಯನ್ನು ನೆಚ್ಚಿ ಬದುಕುವ ಊರುಗಳು ಕಳವಳಗೊಂಡವು. ಬೂದಿ ಎಲ್ಲಿಗೆ ಹೋಗುತ್ತದೆ? ಬಾವಿಯ ನೀರು ಏನಾಗುತ್ತದೆ? ಬಿಸಿನೀರು ಸೇರಿದ ಕಡಲಿನಲ್ಲಿ ಮೀನು ಉಳಿದೀತೇ? ಕೃಷಿಕರು, ಮೀನುಗಾರರು, ಪರಿಸರಾಸಕ್ತರು ಬೀದಿಗಿಳಿದರು. ಹಲವರು ನ್ಯಾಯಾಲಯದ ಮೆಟ್ಟಿಲೇರಿದರು. ವರ್ಷಗಳ ವಿವಾದದ ಬಳಿಕ 1999ರ ಡಿಸೆಂಬರಿನಲ್ಲಿ ಆ ಸಂಸ್ಥೆಯು ಹಿಂದೆ ಸರಿಯಿತು.

ಕಥೆ ಅಲ್ಲಿಗೆ ಮುಗಿಯಲಿಲ್ಲ. ನಾಗಾರ್ಜುನ ಎಂಬ ಹೆಸರಿನಲ್ಲಿ ಹೊರಟಿದ್ದ ಇನ್ನೊಂದು ಯೋಜನೆಯು ಲ್ಯಾಂಕೊ ಸಮೂಹದ ಕೈಸೇರಿ, ಉಡುಪಿ ಪವರ್ ಕಾರ್ಪೊರೇಷನ್ ಎಂಬ ಹೆಸರು ತಳೆದು, ಎಲ್ಲೂರಿನಲ್ಲಿ ತಲೆಯೆತ್ತಿತು. 2010ರಲ್ಲಿ ಅದರ ಮೊದಲ ಘಟಕವು ವಿದ್ಯುತ್ ಉತ್ಪಾದನೆ ಆರಂಭಿಸಿತು. ತಲಾ 600 ಮೆಗಾವಾಟ್‌ಗಳ ಎರಡು ಘಟಕಗಳ ಈ ಸ್ಥಾವರವು 2015ರಲ್ಲಿ ಅದಾನಿ ಸಮೂಹಕ್ಕೆ ಸೇರಿತು. ಒಡೆಯರು ಬದಲಾದರು, ಗಿಡಗಳ ಮೇಲೆ ಕೂರುವ ಬೂದಿಯ ಬಗೆಗೂ ಉಪ್ಪಾದ ನೀರಿನ ಬಗೆಗೂ ಊರವರ ದೂರುಗಳು ಬದಲಾಗಲಿಲ್ಲ. ಮಲ್ಲಿಗೆಯ ಅಟ್ಟೆ ಮಾರಿ ಮಕ್ಕಳನ್ನು ಓದಿಸಿದ ಕುಟುಂಬಗಳು ನಮ್ಮ ಧರ್ಮಕೇಂದ್ರಗಳಲ್ಲಿ ಎಷ್ಟಿಲ್ಲ? ಹೂವು ಬಾಡಿದರೆ ಆ ಮನೆಯ ಒಲೆಯೂ ಬಾಡುತ್ತದೆ.

ನಂದಿಕೂರಿನ ಜನಜಾಗೃತಿ ಸಮಿತಿಯು ಮಾತ್ರ ಕೈಚೆಲ್ಲಲಿಲ್ಲ. 2010ರ ಕಾಯಿದೆಯಿಂದ ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯು ರೂಪುಗೊಂಡ ಬಳಿಕ ಅದರ ಅಹವಾಲು ಅಲ್ಲಿ ವಿಚಾರಣೆಗೊಂಡಿತು. 2019ರ ಮಾರ್ಚಿನಲ್ಲಿ ಮಂಡಳಿಯು ಮಧ್ಯಂತರ ಪರಿಹಾರವಾಗಿ 5 ಕೋಟಿ ರೂಪಾಯಿ ಠೇವಣಿಯಿಡುವಂತೆ ಸಂಸ್ಥೆಗೆ ಆದೇಶಿಸಿತು. 2022ರ ಮೇ ತಿಂಗಳಲ್ಲಿ 52 ಕೋಟಿಗೂ ಮಿಕ್ಕಿದ ಪರಿಸರ ಪರಿಹಾರವನ್ನು ವಿಧಿಸಿತು. ಮಾಲಿನ್ಯ ಮಾಡಿದವನೇ ಬೆಲೆ ತೆರಬೇಕೆಂಬುದು ಇದರ ಹಿಂದಿನ ತತ್ವ.

ಇದನ್ನು ಗೆಲುವೆನ್ನೋಣವೇ? ಸ್ಥಾವರವು ನಿಂತಿದೆ. ಬಿಟ್ಟುಹೋದ ಗದ್ದೆ ಮರಳಿ ಬಾರದು. ಹೋರಾಟದ ಮೊದಲ ದಿನಗಳಲ್ಲಿದ್ದ ಹಿರಿಯರಲ್ಲಿ ಹಲವರು ಈ ಆದೇಶವನ್ನು ಕೇಳಲು ಉಳಿದಿರಲಿಲ್ಲ. ಇನ್ನೊಂದು ಸತ್ಯವನ್ನೂ ಮರೆಮಾಚಬಾರದು: ನಮ್ಮ ದೇವಾಲಯದ ದೀಪವೂ ಮನೆಯ ಫ್ಯಾನೂ ವಿದ್ಯುತ್ತಿನಿಂದಲೇ ನಡೆಯುತ್ತವೆ, ಅಂತಹ ಸ್ಥಾವರಗಳಲ್ಲಿ ದುಡಿದು ಉಣ್ಣುವವರೂ ನಮ್ಮವರೇ. ಆದುದರಿಂದ ಪ್ರಶ್ನೆಯು ವಿದ್ಯುತ್ ಬೇಕೋ ಬೇಡವೋ ಎಂಬುದಲ್ಲ. ಎಲ್ಲರ ಬೆಳಕಿಗಾಗಿ ಕೆಲವರೇ ಬೂದಿಯನ್ನು ಹೊರಬೇಕೇ, ಹೊರುವವರನ್ನು ಮೊದಲು ಕೇಳಬೇಡವೇ ಎಂಬುದು.

ಲೂಕನ ಶುಭಸಂದೇಶದ 18ನೆಯ ಅಧ್ಯಾಯದ ವಿಧವೆಯನ್ನು ನೆನೆಯಿರಿ. ಆಕೆಗೆ ಹಣವಿರಲಿಲ್ಲ, ಬೆಂಬಲಿಗರಿರಲಿಲ್ಲ. ಮತ್ತೆ ಮತ್ತೆ ಬಾಗಿಲು ತಟ್ಟುವ ಹಟವಿತ್ತು. ಪ್ರಭುವು ಆಕೆಯನ್ನು ಪ್ರಾರ್ಥನೆಗೆ ಮಾದರಿಯಾಗಿಸಿದರು. ಆದರೆ ಆಕೆ ಹೋದದ್ದು ನ್ಯಾಯಾಧಿಪತಿಯ ಬಳಿಗೆ ಎಂಬುದನ್ನು ನಾವು ಮರೆತೇಬಿಡುತ್ತೇವೆ. ಜಗದ್ಗುರು ಇಪ್ಪತ್ತಮೂರನೆಯ ಯೊವಾನ್ನರು 1963ರಲ್ಲಿ ‘ಪಾಚೆಮ್ ಇನ್ ತೆರ್ರಿಸ್’ ಎಂಬ ವಿಶ್ವಪತ್ರದಲ್ಲಿ ಮಾನವ ಹಕ್ಕುಗಳನ್ನು ಶಾಂತಿಯ ತಳಹದಿಯನ್ನಾಗಿ ಕಂಡರು. 2015ರಲ್ಲಿ ಜಗದ್ಗುರು ಫ್ರಾನ್ಸಿಸರು ‘ಲೌದಾತೊ ಸಿ’ಯಲ್ಲಿ ಭೂಮಿಯ ಅಳಲನ್ನೂ ಬಡವರ ಅಳಲನ್ನೂ ಒಟ್ಟಾಗಿ ಆಲಿಸುವಂತೆ ಕರೆಕೊಟ್ಟರು. ಶ್ರದ್ಧೆಯೂ ಪೌರತ್ವವೂ ಬೇರೆ ಬೇರೆ ಕೋಣೆಗಳಲ್ಲ.

ಇಂದು ನಮ್ಮ ಕೈಯಲ್ಲಿ ನಾಬೋತನಿಗಿಲ್ಲದ ಸಾಧನಗಳಿವೆ. 2005ರ ಮಾಹಿತಿ ಹಕ್ಕು ಕಾಯಿದೆಯಡಿ ಹತ್ತು ರೂಪಾಯಿ ಶುಲ್ಕ ತೆತ್ತು ಸರಕಾರದ ಕಡತವನ್ನು ಕೇಳಬಹುದು. 30 ದಿನಗಳಲ್ಲಿ ಉತ್ತರ ಬರಬೇಕು. 2006ರ ಪರಿಸರ ಅಧಿಸೂಚನೆಯಂತೆ ಸಾರ್ವಜನಿಕ ವಿಚಾರಣೆಗೆ ಮೊದಲು ಯೋಜನೆಯ ಸಾರಾಂಶವು ಸ್ಥಳೀಯ ಭಾಷೆಯಲ್ಲಿ ಸಿಗಬೇಕು. ಗ್ರಾಮಸಭೆಯಂತೂ ನಮ್ಮ ಅಂಗಳದಲ್ಲೇ ಸೇರುತ್ತದೆ. ಆದರೆ ಅಲ್ಲಿನ ಕುರ್ಚಿಗಳು ಖಾಲಿಯಿದ್ದರೆ ನಮ್ಮ ಮೌನವೇ ಒಪ್ಪಿಗೆಯೆಂದು ಕಡತದಲ್ಲಿ ದಾಖಲಾಗುತ್ತದೆ.

ನಾಬೋತನ ಊರಿನ ಹಿರಿಯರಲ್ಲಿ ಒಬ್ಬನಾದರೂ ಎದ್ದು ನಿಂತು ಪ್ರಶ್ನಿಸಿದ್ದರೆ? ಎಲೀಯ ಪ್ರವಾದಿ ಬರುವ ಹೊತ್ತಿಗೆ ನಾಬೋತನು ಸತ್ತಿದ್ದನು. ನಂದಿಕೂರಿನವರು ಪ್ರವಾದಿಗಾಗಿ ಕಾದು ಕೂರಲಿಲ್ಲ. ಮುಂದಿನ ಗ್ರಾಮಸಭೆಯ ದಿನ ನಮ್ಮ ಮನೆಯಿಂದ ಒಬ್ಬರಾದರೂ ಅಲ್ಲಿರುವರೇ? ಇಂದು ರಾತ್ರಿಯ ಜಪಸರದ ಬಳಿಕ ಇದನ್ನು ಮನೆಯವರೆಲ್ಲ ಕೂಡಿ ಯೋಚಿಸೋಣ.